ಲೆಡ್‌ವಿಲ್‌ನಲ್ಲಿ ಬೇಳೆ ಬೇಯುತ್ತಾ? ಆರ್‌ವಿ ಪ್ರವಾಸದಲ್ಲಿ ಬಿಸಿ ಊಟದ ಲೆಕ್ಕಾಚಾರ

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಸೆಪ್ಟೆಂಬರ್ ಕೊನೆಯ ವಾರ ಆರ್‌ವಿ (ಒಲೆ, ಫ್ರಿಜ್, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿ) ಬಾಡಿಗೆಗೆ ತೆಗೆದುಕೊಂಡು ಕೊಲರಾಡೊಗೆ ಹೊರಟಿದ್ದೇವೆ. ಆಸ್ಪೆನ್ ಮರಗಳು ಹಳದಿ ತಿರುಗುವುದನ್ನು ನೋಡುವ ಆಸೆ. ಪ್ವೆಬ್ಲೊ, ಬ್ಯೂನ ವಿಸ್ಟ, ಲೆಡ್‌ವಿಲ್ ಕಡೆ ಒಂದು ವಾರ ಸುತ್ತಾಟ. ನಾನು, ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಮೈಸೂರಿನಿಂದ ಬಂದಿರುವ ಅತ್ತೆ. ಅತ್ತೆಗೆ ರಾತ್ರಿ ಬಿಸಿ ಸಾರು ಅನ್ನ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಶನಿವಾರ ರಾತ್ರಿ ಫಲಾಹಾರ. ಹೋದ ವರ್ಷ ಅಲ್ಲಿಗೆ ಹೋಗಿ ಬಂದ ಸ್ನೇಹಿತರು "ಅಲ್ಲಿ ಬೇಳೆಯೇ ಬೇಯಲ್ಲ, ಗ್ಯಾಸೂ ಬೇಗ ಖಾಲಿಯಾಗುತ್ತೆ, ಸುಮ್ನೆ ಕಪ್ ನೂಡಲ್ಸ್ ಹಿಡ್ಕೊಂಡು ಹೋಗಿ" ಎಂದು ಹೆದರಿಸಿದ್ದಾರೆ. ಕುಕ್ಕರ್ ಒಯ್ಯಬಹುದಾ? ಕರೆಂಟಿನ ಕುಕ್ಕರ್ ಇನ್‌ಸ್ಟಂಟ್ ಪಾಟ್ ಸಾಕಾ? ಆ ಚಳಿಯಲ್ಲಿ ಏನೇನು ಮಾಡಿಕೊಂಡು ತಿನ್ನಬಹುದು?

ಉತ್ತರ: ಬೇಳೆ ಬೇಯುತ್ತದೆ, ಕುಕ್ಕರ್ ಇದ್ದರೆ. ನಿಮ್ಮ ಸ್ನೇಹಿತರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಅವರು ಬಹುಶಃ ತೊಗರಿಬೇಳೆಯನ್ನು ಬರೀ ಪಾತ್ರೆಯಲ್ಲಿ ಬೇಯಲು ಇಟ್ಟಿರಬೇಕು. ಲೆಡ್‌ವಿಲ್‌ನಲ್ಲಿ ಹಾಗೆ ಇಟ್ಟರೆ ಎಷ್ಟು ಹೊತ್ತು ಕಾದರೂ ನೀರು ಬೇರೆ, ಬೇಳೆ ಬೇರೆ.

ಇದಕ್ಕೆ ಚಳಿಯನ್ನು ಬೈದು ಉಪಯೋಗವಿಲ್ಲ. ಕಾರಣ ಎತ್ತರ. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಹೆಚ್ಚುಕಡಿಮೆ ಪ್ರತಿ ಸಾವಿರ ಅಡಿಗೆ ಒಂದು ಡಿಗ್ರಿಯಂತೆ ನೀರು ಬೇಗ ಕುದಿಯಲು ಶುರುವಾಗುತ್ತದೆ. ನಿಮ್ಮ ಅತ್ತೆಯವರ ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ, ಅಲ್ಲೇ ನೀರು 97-98 ಡಿಗ್ರಿಗೆ ಕುದಿಯುತ್ತದೆ. ಬ್ಯೂನ ವಿಸ್ಟ ಸುಮಾರು 8,000 ಅಡಿ. ಅಲ್ಲಿ 92 ಡಿಗ್ರಿ. ಲೆಡ್‌ವಿಲ್ 10,000 ಅಡಿಗಿಂತ ಮೇಲೆ, ಅಲ್ಲಿ 90ರ ಆಸುಪಾಸು. ಉರಿ ದೊಡ್ಡದು ಮಾಡಿದರೆ ನೀರು ಬೇಗ ಆರಿಹೋಗುತ್ತದೆಯೇ ಹೊರತು ಅದಕ್ಕಿಂತ ಬಿಸಿಯಾಗುವುದಿಲ್ಲ. ಕೊತಕೊತ ಕುದಿಯುವುದನ್ನು ನೋಡಿ ಬೇಯುತ್ತಿದೆ ಅಂದುಕೊಳ್ಳುತ್ತೇವೆ, ಅಲ್ಲೇ ಮೋಸ ಹೋಗುವುದು.

ಇದರಿಂದ ಒಂದು ಸುಲಭದ ಸೂತ್ರ ಸಿಗುತ್ತದೆ. ಹಿಟ್ಟು, ರವೆ, ಅವಲಕ್ಕಿ, ಶಾವಿಗೆ ಇವಕ್ಕೆಲ್ಲ 90 ಡಿಗ್ರಿ ಧಾರಾಳ. ಉಪ್ಪಿಟ್ಟು, ರಾಗಿ ಗಂಜಿ, ಮುದ್ದೆ ಎಲ್ಲವೂ ಲೆಡ್‌ವಿಲ್‌ನಲ್ಲೂ ಮನೆಯಲ್ಲಾದಂತೆಯೇ ಆಗುತ್ತವೆ, ಎರಡು ನಿಮಿಷ ಹೆಚ್ಚು ಹಿಡಿಯಬಹುದು ಅಷ್ಟೇ. ಅಕ್ಕಿ ಮಧ್ಯದ್ದು. ಪಾತ್ರೆಯಲ್ಲೂ ಆಗುತ್ತದೆ, ಆದರೆ ನೀರು ಜಾಸ್ತಿ, ಹೊತ್ತು ಜಾಸ್ತಿ. ಬೇಳೆ ಮತ್ತು ಕಾಳು ಮಾತ್ರ ಕುಕ್ಕರಿನ ಮಾತು. ಹೆಸರುಬೇಳೆ ಮತ್ತು ಮಸೂರ್ ಬೇಳೆಗೆ ಒಂದಿಷ್ಟು ವಿನಾಯಿತಿ ಇದೆ, ಒಂದು ಗಂಟೆ ನೆನೆಸಿಟ್ಟರೆ ಪಾತ್ರೆಯಲ್ಲೂ ಬೇಯುತ್ತವೆ.

ಮನೆಯ ಸಾಧಾರಣ ಕುಕ್ಕರ್ ಹೊರಗಿನ ಒತ್ತಡದ ಮೇಲೆ ಸುಮಾರು 15 ಪಿಎಸ್‌ಐ (ಒತ್ತಡದ ಅಳತೆ) ಸೇರಿಸುತ್ತದೆ. ಸಮುದ್ರಮಟ್ಟದಲ್ಲಿ ಒಳಗೆ 121 ಡಿಗ್ರಿ ಆದರೆ ಲೆಡ್‌ವಿಲ್‌ನಲ್ಲಿ 115-116. ಬೇಳೆ ಕರಗಲು ಅಷ್ಟು ಸಾಕು, ಸ್ವಲ್ಪ ಹೊತ್ತು ಮಾತ್ರ ಹೆಚ್ಚು ಬೇಕು. ವಿಷಲ್ ಎಣಿಸುವ ಅಭ್ಯಾಸವನ್ನು ಒಂದು ವಾರ ಬಿಡಿ. ಚಿಕ್ಕ ಒಲೆ, ಗಾಳಿ, ಎತ್ತರ ಎಲ್ಲ ಸೇರಿ ವಿಷಲ್ ಅಲ್ಲಿ ಮನಸ್ಸು ಬಂದಂತೆ ಕೂಗುತ್ತದೆ. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ಮನೆಯಲ್ಲಿ ತೊಗರಿಬೇಳೆಗೆ 8 ನಿಮಿಷ ಕೊಡುತ್ತಿದ್ದರೆ ಬ್ಯೂನ ವಿಸ್ಟದಲ್ಲಿ 11, ಲೆಡ್‌ವಿಲ್‌ನಲ್ಲಿ 12 ಕೊಡಿ. ಆಮೇಲೆ ಒತ್ತಡ ತಾನಾಗಿ ಇಳಿಯಲು ಬಿಡಿ. ಅದೂ ಬೇಯುವ ಹೊತ್ತೇ. ಬೇಳೆಯನ್ನು ಮೊದಲೇ ಮುಕ್ಕಾಲು ಗಂಟೆ ಬಿಸಿ ನೀರಿನಲ್ಲಿ ನೆನೆಸಿದ್ದರೆ ಇನ್ನೂ ನಿಶ್ಚಿಂತೆ.

ಒಂದೇ ಒಂದು ಎಚ್ಚರಿಕೆ, ರಾಜ್ಮಾ ಬಗ್ಗೆ. ಕೆಂಪು ರಾಜ್ಮಾ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷದ ಅಂಶ ಇರುತ್ತದೆ. ಅದು ಹೋಗಬೇಕಾದರೆ 100 ಡಿಗ್ರಿಯಲ್ಲಿ ಚೆನ್ನಾಗಿ ಕುದಿಯಬೇಕು. ಆ ಊರುಗಳಲ್ಲಿ ತೆರೆದ ಪಾತ್ರೆಯ ನೀರು 100 ಮುಟ್ಟುವುದೇ ಇಲ್ಲ. ಹಾಗಾಗಿ ಒಣ ರಾಜ್ಮಾವನ್ನು ನೆನೆಸಿ ಕುಕ್ಕರಿನಲ್ಲೇ ಬೇಯಿಸಿ, ಇಲ್ಲವೇ ಡಬ್ಬಿಯಲ್ಲಿ ಬೇಯಿಸಿ ಬರುವುದನ್ನು ಕೊಳ್ಳಿ. ಸ್ಲೋ ಕುಕ್ಕರಿನಲ್ಲಿ ಹಾಕಿಟ್ಟು ತಿರುಗಾಡಲು ಹೋಗುವುದು ಮಾತ್ರ ಬೇಡವೇ ಬೇಡ.

ಇನ್‌ಸ್ಟಂಟ್ ಪಾಟ್ ಮತ್ತು ಒಲೆ ಮೇಲಿನ ಕುಕ್ಕರ್ ನಡುವೆ ನನ್ನ ಓಟು ಕುಕ್ಕರಿಗೇ. ಎರಡು ಕಾರಣ. ಇನ್‌ಸ್ಟಂಟ್ ಪಾಟ್‌ನ ಒತ್ತಡ 10-11 ಪಿಎಸ್‌ಐ ಅಷ್ಟೇ, ಲೆಡ್‌ವಿಲ್‌ನಲ್ಲಿ ಅದರೊಳಗೆ 110 ಡಿಗ್ರಿ ಸಿಕ್ಕರೆ ಹೆಚ್ಚು. ಬೇಯಿಸುತ್ತದೆ, ಆದರೆ ನಿಧಾನ. ಎರಡನೆಯದು ಕರೆಂಟ್. ಆರು ಕ್ವಾರ್ಟ್‌ನ ಪಾಟ್ 1,000 ವಾಟ್ ಎಳೆಯುತ್ತದೆ. ಕರೆಂಟ್ ಕನೆಕ್ಷನ್ ಇರುವ ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಇದು ದೊಡ್ಡ ವಿಷಯವಲ್ಲ. ಅಲ್ಲೂ ಅದೇ ಸರ್ಕ್ಯೂಟ್‌ಗೆ 1,500 ವಾಟ್‌ನ ಪುಟ್ಟ ಹೀಟರ್ ಹಾಕಿದಿರೋ, ಬ್ರೇಕರ್ ಟ್ರಿಪ್ ಆಗಿ ಪಾಟೂ ಆರಿತು, ಹೀಟರೂ ಆರಿತು. ಕಾಡಿನೊಳಗಿನ ಫಾರೆಸ್ಟ್ ಸರ್ವಿಸ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟೇ ಇರುವುದಿಲ್ಲ. ಜನರೇಟರ್ ಓಡಿಸಲು ಹೊತ್ತು ಗೊತ್ತು ಮಾಡಿರುತ್ತಾರೆ, ಜೊತೆಗೆ ಎತ್ತರದಲ್ಲಿ ಅದರ ಶಕ್ತಿಯೂ ಕುಂದುತ್ತದೆ. ಅಂದ ಹಾಗೆ, ಇಂಥ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎಷ್ಟೋ ಸೆಪ್ಟೆಂಬರ್‌ನಲ್ಲೇ ಬಾಗಿಲು ಹಾಕುತ್ತವೆ. ಬುಕ್ ಮಾಡುವಾಗ ತಾರೀಕು ನೋಡಿಕೊಳ್ಳಿ.

ಕುಕ್ಕರ್ ಯಾವುದು ಒಯ್ಯಬೇಕು? ಐದು ಜನಕ್ಕೆ 5 ಲೀಟರಿನದು, ಎತ್ತರಕ್ಕಿರುವಂಥದ್ದು. ಅಗಲ ತಳದ ಪ್ಯಾನ್ ಕುಕ್ಕರ್ ಇಟ್ಟರೆ ಆರ್‌ವಿಯ ಒಲೆಯಲ್ಲಿ ಪಕ್ಕದ ಬರ್ನರ್ ಮೇಲೆ ಏನೂ ಇಡಲಾಗುವುದಿಲ್ಲ, ಬರ್ನರ್‌ಗಳು ಅಷ್ಟು ಒತ್ತೊತ್ತಾಗಿರುತ್ತವೆ. ಯಾವಾಗಲೂ ಮುಂದಿನ ಬರ್ನರ್ ಮೇಲೇ ಇಡಿ. ಬಹಳಷ್ಟು ಆರ್‌ವಿಗಳಲ್ಲಿ ಉರಿ ಜಾಸ್ತಿ ಇರುವುದು ಅದರಲ್ಲೇ. ಹಿಂದಿನ ಬರ್ನರ್‌ಗೆ ಸರಿಯಾಗಿ ಮೇಲೆ ಮೈಕ್ರೊವೇವ್ ಅಥವಾ ಮರದ ಕಪಾಟು ಇರುತ್ತದೆ, ವಿಷಲ್‌ನ ಹಬೆ ನೇರ ಅದಕ್ಕೆ ಹೊಡೆಯುತ್ತದೆ. ಬಾಡಿಗೆ ಗಾಡಿ, ಬಣ್ಣ ಎದ್ದರೆ ಡೆಪಾಸಿಟ್‌ನಿಂದ ಹಿಡಿಯುತ್ತಾರೆ. ಗ್ಯಾಸ್ಕೆಟ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಲೆಡ್‌ವಿಲ್‌ನ ಅಂಗಡಿಯಲ್ಲಿ ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಹುಡುಕುವ ಪಾಡು ಯಾರಿಗೂ ಬೇಡ. ಗಾಡಿ ಓಡುವಾಗ ಒಲೆ ಹಚ್ಚುವ ಮಾತೇ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ.

ಇನ್ನು ಗ್ಯಾಸ್. ನಿಮ್ಮ ಸ್ನೇಹಿತರ ಗ್ಯಾಸ್ ಖಾಲಿಯಾಗಿದ್ದು ನಿಜವೇ ಇರಬಹುದು. ಆದರೆ ಅಡುಗೆಯಿಂದ ಆಗಿರಲಾರದು. ಲೆಕ್ಕ ಹಾಕಿ ನೋಡಿ. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ ಸುಮಾರು 91,500 ಬಿಟಿಯು ಶಾಖ ಇದೆ. ಆರ್‌ವಿಯ ದೊಡ್ಡ ಬರ್ನರ್ ಗಂಟೆಗೆ 9,000 ಬಿಟಿಯು ಸುಡುತ್ತದೆ ಅಂದುಕೊಂಡರೆ ಒಂದು ಗ್ಯಾಲನ್‌ನಲ್ಲಿ ಹತ್ತು ಗಂಟೆ ಉರಿಯುತ್ತದೆ. ದಿನಕ್ಕೆ ಒಂದೂವರೆ ಗಂಟೆ ಒಲೆ ಹಚ್ಚಿದರೂ ವಾರವಿಡೀ ಒಂದು ಗ್ಯಾಲನ್‌ನಲ್ಲಿ ಮುಗಿಯಿತು. ಅದೇ ಗಾಡಿಯನ್ನು ಬೆಚ್ಚಗಿಡುವ ಫರ್ನೇಸ್ ಗಂಟೆಗೆ 30,000 ಬಿಟಿಯುದು ಅಂದರೆ ಮೂರು ಗಂಟೆ ಓಡುವಷ್ಟರಲ್ಲಿ ಒಂದು ಗ್ಯಾಲನ್ ಖರ್ಚು. ಸೆಪ್ಟೆಂಬರ್ ಕೊನೆಗೆ ಲೆಡ್‌ವಿಲ್‌ನಲ್ಲಿ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ. ಫರ್ನೇಸ್ ಆಗಾಗ ಹತ್ತಿ ಆರುತ್ತಾ ಒಂದು ರಾತ್ರಿಯಲ್ಲೇ ನಿಮ್ಮ ಇಡೀ ವಾರದ ಅಡುಗೆಯ ಗ್ಯಾಸ್ ತಿಂದುಬಿಡುತ್ತದೆ. ಉಳಿಸುವುದಿದ್ದರೆ ಕಂಬಳಿ ಜಾಸ್ತಿ ಒಯ್ದು ಅಲ್ಲಿ ಉಳಿಸಿ. ಸಾರಿನ ಗ್ಯಾಸ್‌ನಲ್ಲಿ ಉಳಿಸಬೇಡಿ. ಸಾಲಿಡ ಅಥವಾ ಬ್ಯೂನ ವಿಸ್ಟದಲ್ಲಿ ಇರುವಾಗಲೇ ಟ್ಯಾಂಕ್ ತುಂಬಿಸಿಕೊಂಡು ಮೇಲೆ ಹತ್ತಿ.

ಹೊರಗೆ ಟೇಬಲ್ ಮೇಲೆ ಇಡಲು ಒಂದು ಪುಟ್ಟ ಒಲೆಯೂ ಬೇಕು. ಅದೂ ಪ್ರೊಪೇನ್‌ನದ್ದೇ ಇರಲಿ. ಚಪ್ಪಟೆ ಪೆಟ್ಟಿಗೆಯಂಥ ಬ್ಯೂಟೇನ್ ಒಲೆ ಏಷ್ಯನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ಮನೆಯಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಆದರೆ ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್‌ಗೆ ಮೈನಸ್ 42ರವರೆಗೂ ತೊಂದರೆಯಿಲ್ಲ. ಬೆಳಿಗ್ಗೆ ಆರು ಗಂಟೆಗೆ ಕಾಫಿ ಇಡಲು ಹೋದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೊಂದು ಬೆಂಕಿಪೊಟ್ಟಣ ಇರಲಿ, ಒತ್ತಿದರೆ ಕಿಡಿ ಹಾರುವ ಲೈಟರ್‌ಗಳು ಅಷ್ಟು ಎತ್ತರದಲ್ಲಿ ಕೈಕೊಡುವುದುಂಟು.

ಹೊರಗಿನ ಒಲೆ ಯಾಕೆ ಅಂದರೆ ಒಗ್ಗರಣೆಗೆ. ಮುಚ್ಚಿದ ಆರ್‌ವಿಯೊಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎಲ್ಲರಿಗೂ ಕೆಮ್ಮು, ಹೊಗೆ ಅಲಾರಾಂ ಬೇರೆ ಕೂಗುತ್ತದೆ. ಆಮೇಲೆ ಸೀಟಿನ ಬಟ್ಟೆಗೆ, ಪರದೆಗೆ ಹಿಂಗಿನ ವಾಸನೆ ಹತ್ತಿ ಕೂತಿರುತ್ತದೆ. ವಾಪಸ್ ಕೊಡುವಾಗ ವಾಸನೆಗೆ ಅಂತಲೇ ಕ್ಲೀನಿಂಗ್ ಚಾರ್ಜ್ ಹಾಕುವವರಿದ್ದಾರೆ. ಕರಿಯುವುದು, ಹುರಿಯುವುದು, ಒಗ್ಗರಣೆ ಈ ಮೂರೂ ಗಾಡಿಯ ಹೊರಗೆ ಅಥವಾ ಡಲ್ಲಾಸ್‌ನ ನಿಮ್ಮ ಮನೆಯಲ್ಲೇ ಆಗಲಿ.

ಒಳಗೆ ಅಡುಗೆ ಮಾಡುವಾಗ ಎಷ್ಟೇ ಚಳಿ ಇದ್ದರೂ ಮೇಲಿನ ಫ್ಯಾನ್ ಹಾಕಿ, ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. ಗ್ಯಾಸ್ ಒಲೆ ಆಮ್ಲಜನಕ ತಿನ್ನುತ್ತದೆ, ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಡಿ ತೆಗೆದುಕೊಳ್ಳುವಾಗಲೇ ಅಲಾರಾಂಗಳ ಬಟನ್ ಒತ್ತಿ ಪರೀಕ್ಷೆ ಮಾಡಿ. "ಚಳಿ, ಸ್ವಲ್ಪ ಹೊತ್ತು ಒಲೆ ಹಚ್ಚಿ ಬೆಚ್ಚಗೆ ಮಾಡೋಣ" ಅಂತ ಯಾರಾದರೂ ಅಂದರೆ ಬೇಡ ಅಂತ ಖಡಾಖಂಡಿತ ಹೇಳಿ. ಬೇಯಿಸಲು ಒಲೆ, ಬೆಚ್ಚಗಾಗಲು ಫರ್ನೇಸ್.

ಈಗ ಊಟದ ವಿಷಯ. ನನ್ನ ಮಟ್ಟಿಗೆ ಆರ್‌ವಿ ಅಡುಗೆ ಮುಕ್ಕಾಲು ಪಾಲು ಮನೆಯಲ್ಲೇ ಆಗಬೇಕು. ಅಲ್ಲಿ ನಾವು ಸೇರಿಸುವುದು ನೀರು ಮತ್ತು ಬೆಂಕಿ, ಅಷ್ಟೇ. ಬೆಟ್ಟ ಸುತ್ತಿ ಸುಸ್ತಾಗಿ ಬಂದು, ಎರಡಡಿಯ ಕಟ್ಟೆಯ ಮೇಲೆ ತರಕಾರಿ ಹೆಚ್ಚಿ, ಕಾಯಿ ತುರಿದು, ಮಿಕ್ಸಿಗೆ ಕರೆಂಟ್ ಹುಡುಕುವುದು ಯಾರಿಗೆ ಬೇಕು? ಹೊರಡುವ ಹಿಂದಿನ ಭಾನುವಾರ ಅರ್ಧ ದಿನ ಕೂತರೆ ಇಡೀ ವಾರ ಆರಾಮ.

ನಾನು ತುಂಬ ನೆಚ್ಚುವುದು ಹುಗ್ಗಿ ಪ್ಯಾಕೆಟ್. ಖಾರದ ಹುಗ್ಗಿ, ಪೊಂಗಲ್ ಅನ್ನಿ ಬೇಕಾದರೆ. ಒಂದು ಕಪ್ ಸೋನಾ ಮಸೂರಿ ಅಕ್ಕಿಯನ್ನು ಮನೆಯಲ್ಲೇ ತೊಳೆದು, ಬಟ್ಟೆಯ ಮೇಲೆ ಹರವಿ, ಪೂರ್ತಿ ಒಣಗಿಸಿ. ಕೈಯಲ್ಲಿ ಹಿಡಿದರೆ ಒಂದಕ್ಕೊಂದು ಅಂಟಬಾರದು. ಹೀಗೆ ಮಾಡಿದರೆ ಅಲ್ಲಿ ಅಕ್ಕಿ ತೊಳೆಯುವ ನೀರು ಉಳಿಯಿತು. ಆಮೇಲೆ ಒಂದು ಕಪ್ ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ, ಬಣ್ಣ ಅಲ್ಲಲ್ಲಿ ಹೊಂಬಣ್ಣಕ್ಕೆ ತಿರುಗಿದರೆ ಸಾಕು. ಅದೇ ಬಾಣಲೆಯಲ್ಲಿ ಅಕ್ಕಿಯನ್ನೂ ಬೆಚ್ಚಗೆ ಮಾಡಿ ತೆಗೆಯಿರಿ. ಎರಡೂ ಆರಿದ ಮೇಲೆ ಜಿಪ್ ಚೀಲಕ್ಕೆ ಹಾಕಿ. ಅದರ ಜೊತೆಗೇ ಕುಟ್ಟಿದ ಮೆಣಸು ಒಂದು ಚಮಚ, ಜೀರಿಗೆ ಒಂದೂವರೆ ಚಮಚ, ಅರಿಶಿನ ಕಾಲು ಚಮಚ, ತುರಿದ ಒಣಕೊಬ್ಬರಿ ಮೂರು ದೊಡ್ಡ ಚಮಚ, ಉಪ್ಪು ಎರಡು ಚಮಚ, ಚಿಟಿಕೆ ಹಿಂಗು. ಚೀಲದ ಮೇಲೆ "ನೀರು ಆರೂವರೆ ಕಪ್" ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಆಗ ಯಜಮಾನರೂ ಮಾಡಬಹುದು, ಹತ್ತು ವರ್ಷ ದಾಟಿದ ಮಕ್ಕಳೂ ಅಳತೆ ಹಾಕಿಕೊಡಬಹುದು. ಅಲ್ಲಿ ಕುಕ್ಕರಿಗೆ ಸುರಿದು, ನೀರು, ಒಂದು ತುಂಡು ಜಜ್ಜಿದ ಶುಂಠಿ, ಒಂದು ಚಮಚ ತುಪ್ಪ ಹಾಕಿ, ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ. ಐದು ಜನರ ರಾತ್ರಿ ಊಟ ಆಯಿತು. ಮೇಲೆ ತುಪ್ಪ, ಪಕ್ಕಕ್ಕೆ ಹುಣಸೆ ಗೊಜ್ಜು ಅಥವಾ ಉಪ್ಪಿನಕಾಯಿ. ಇಂಥ ಎರಡು ಪ್ಯಾಕೆಟ್ ಇರಲಿ. ಮಳೆ ಬಂದ ರಾತ್ರಿಗೆ ಒಂದು, ತಡವಾಗಿ ತಲುಪಿದ ರಾತ್ರಿಗೆ ಒಂದು.

ಅತ್ತೆಯವರಿಗೆ ಸಾರೇ ಬೇಕು ಅನ್ನುವ ದಿನ ಮೆಣಸಿನ ಸಾರು ಮಾಡಿ. ಬೇಳೆಯ ಹಂಗೇ ಇಲ್ಲ. ಹುಣಸೆಹಣ್ಣನ್ನು ಮನೆಯಲ್ಲೇ ನೆನೆಸಿ, ಹಿಂಡಿ, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ ಬಾಟಲಿಯಲ್ಲಿ ತುಂಬಿಡಿ. ಮೆಣಸು ಜೀರಿಗೆ ಪುಡಿಯೂ ತಯಾರಿರಲಿ. ನೀರಿಗೆ ಎರಡನ್ನೂ ಹಾಕಿ, ಚೂರು ಬೆಲ್ಲ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ, ತುಪ್ಪದ ಒಗ್ಗರಣೆ ಕೊಟ್ಟರೆ ಕಾಲು ಗಂಟೆಯ ಕೆಲಸ. ಮೂಗು ಕಟ್ಟಿದ ಮಕ್ಕಳಿಗೂ ಲೋಟದಲ್ಲಿ ಕೊಡಬಹುದು.

ಚಳಿಗೆ ನಮ್ಮಲ್ಲಿ ಹುರುಳಿಯ ಹೆಸರು ಮೊದಲು ಬರುತ್ತದೆ. ಹುರುಳಿಕಾಳನ್ನು ಮನೆಯಲ್ಲೇ ಮೊಳಕೆ ಬರಿಸಿ, ಚೀಲದಲ್ಲಿ ತೆಳ್ಳಗೆ ಹರವಿ ಫ್ರೀಜ್ ಮಾಡಿ. ಕುಕ್ಕರಿನಲ್ಲಿ ನೀರು ಧಾರಾಳ ಹಾಕಿ ಬೇಯಿಸಿದರೆ ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದು ಕುಕ್ಕರಿಗೆ ಎರಡು ಅಡುಗೆ. ಬೆಳ್ಳುಳ್ಳಿ ಇಲ್ಲದೆ ಹುರುಳಿ ಸಾರೇ ಅಂತ ಕೆಲವರು ಮುಖ ಸಿಂಡರಿಸಬಹುದು. ಹಿಂಗು ಸ್ವಲ್ಪ ಮುಂದಾಗಿ, ಹುರಿದ ಕೊತ್ತಂಬರಿ ಬೀಜ, ಕೊಬ್ಬರಿ, ಮೆಣಸು ಸೇರಿದರೆ ಕೊರತೆ ಕಾಣುವುದಿಲ್ಲ.

ದಾರಿಯಲ್ಲೇ ಸಿಗುವುದನ್ನೂ ಬಿಡಬೇಡಿ. ಡಲ್ಲಾಸ್‌ನಿಂದ ಅಮರಿಲ್ಲೊ, ರಟೋನ್ ಮೇಲೆ ಹೋದರೆ ಪ್ವೆಬ್ಲೊ ಹೇಗೂ ಸಿಗುತ್ತದೆ. ಆ ಊರು ಹಸಿಮೆಣಸಿನಕಾಯಿಗೆ ಹೆಸರುವಾಸಿ, ಸೆಪ್ಟೆಂಬರ್ ಅದರ ಸುಗ್ಗಿ. ತೋಟದ ಅಂಗಡಿಗಳ ಮುಂದೆ ಜಾಲರಿಯ ದೊಡ್ಡ ಡ್ರಮ್ ಇಟ್ಟು, ಕೆಳಗೆ ಗ್ಯಾಸ್ ಉರಿ ಬಿಟ್ಟು, ಮೆಣಸಿನಕಾಯಿಯನ್ನು ತಿರುಗಿಸುತ್ತಾ ಸುಡುತ್ತಿರುತ್ತಾರೆ. ಸಿಪ್ಪೆ ಕಪ್ಪಾಗಿ ಚಟಪಟ ಸಿಡಿಯುವ ಆ ಘಾಟು ರಸ್ತೆಗೇ ಬರುತ್ತದೆ. ಬಿಸಿಬಿಸಿಯಾಗಿ ಚೀಲಕ್ಕೆ ತುಂಬಿ ಕೊಡುತ್ತಾರೆ, ಹಬೆಗೆ ಸಿಪ್ಪೆ ತಾನೇ ಬಿಡುತ್ತದೆ. ಸುಟ್ಟ ಬದನೆಕಾಯಿಯ ಮೊಸರು ಬಜ್ಜಿ ಮಾಡುತ್ತೀರಲ್ಲ, ಅದೇ ರೀತಿ ಇದನ್ನು ಸಿಪ್ಪೆ ಸುಲಿದು, ಕಿವುಚಿ, ಉಪ್ಪು ಮೊಸರು ಸೇರಿಸಿ ಸಾಸಿವೆ ಒಗ್ಗರಣೆ ಕೊಡಿ. ಹುಗ್ಗಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಖಾರ ಎಷ್ಟಿದೆ ಅಂತ ಮೊದಲು ತುದಿ ಮುರಿದು ನೋಡಿ. ಉಳಿದದ್ದನ್ನು ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನ ಬರುತ್ತದೆ.

ಅದೇ ಅಂಗಡಿಗಳಲ್ಲಿ ಬಟರ್‌ನಟ್ ಸ್ಕ್ವಾಶ್ ರಾಶಿ ಹಾಕಿರುತ್ತಾರೆ. ನಮ್ಮ ಸಿಹಿಗುಂಬಳದ ಬಳಗದ್ದೇ ಅದು, ರುಚಿಯೂ ಹತ್ತಿರ. ಫ್ರಿಜ್ ಬೇಡ, ಸೀಟಿನ ಕೆಳಗೆ ಉರುಳಿಸಿಟ್ಟರೆ ವಾರ ಇರುತ್ತದೆ. ಬೇಳೆಯ ಜೊತೆ ಹುಳಿ ಮಾಡುವುದಾದರೆ ಹೋಳು ಎರಡು ಇಂಚು ದಪ್ಪ ಇರಲಿ, ಇಲ್ಲದಿದ್ದರೆ ಬೇಳೆ ಬೇಯುವಷ್ಟರಲ್ಲಿ ಅದು ಕರಗಿ ಕಾಣೆಯಾಗಿರುತ್ತದೆ. ಕರಗಿದರೂ ಹುಳಿ ಗಟ್ಟಿಯಾಯಿತು ಅಂತ ಸಮಾಧಾನ ಮಾಡಿಕೊಳ್ಳಬಹುದು.

ಬೆಳಗಿನ ತಿಂಡಿಗೆ ದೋಸೆ ಹಿಟ್ಟು ಒಯ್ಯುವ ಯೋಚನೆ ಇದ್ದರೆ ಕೈಬಿಡಿ. ಆ ಚಳಿಗೆ ಹಿಟ್ಟು ಹುದುಗುವುದಿಲ್ಲ. ಮನೆಯಲ್ಲೇ ಹುದುಗಿದ ಹಿಟ್ಟನ್ನು ಒಯ್ದರೆ ಎತ್ತರ ಏರಿದಂತೆ ಒಳಗಿನ ಗಾಳಿ ಹಿಗ್ಗಿ ಡಬ್ಬಿಯ ಮುಚ್ಚಳ ಹಾರುತ್ತದೆ. ರಟೋನ್ ಘಾಟಿ ಒಂದೇ 7,800 ಅಡಿ ಇದೆ. ಚಿಪ್ಸ್ ಪ್ಯಾಕೆಟ್‌ಗಳು ಬಲೂನಿನಂತೆ ಉಬ್ಬಿ ಕೂತಿರುವುದನ್ನು ಮಕ್ಕಳೇ ತೋರಿಸುತ್ತಾರೆ. ಉಪ್ಪಿನಕಾಯಿ ಬಾಟಲಿಯನ್ನೂ ಮೊಸರಿನ ಡಬ್ಬಿಯನ್ನೂ ಅಲ್ಲಿ ಮೊದಲ ಸಲ ತೆರೆಯುವಾಗ ಸಿಂಕ್ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿ. ತಿಂಡಿಗೆ ಉಪ್ಪಿಟ್ಟು, ಅವಲಕ್ಕಿ, ರಾಗಿ ಗಂಜಿ ಸಾಕು. ರವೆಯನ್ನು ಒಗ್ಗರಣೆ ಸಮೇತ ಹುರಿದು ಒಯ್ದರೆ ಬಿಸಿ ನೀರಿಗೆ ಹಾಕಿ ತಿರುವುವುದಷ್ಟೇ ಬಾಕಿ. ಒಂದು ದಿನ ಬಿಡುವಾಗಿದ್ದರೆ ಅಕ್ಕಿ ರೊಟ್ಟಿ ತಟ್ಟಿ, ಹೊರಗಿನ ಒಲೆಯಲ್ಲಿ.

ಕಾಫಿ ಪ್ರಿಯರಿಗೆ ಸಿಹಿ ಸುದ್ದಿ. ಫಿಲ್ಟರ್ ಡಿಕಾಕ್ಷನ್‌ಗೆ 92 ಡಿಗ್ರಿ ನೀರು ಹೇಳಿ ಮಾಡಿಸಿದ್ದು, ಎತ್ತರ ಅದಕ್ಕೆ ಅಡ್ಡಿಯೇ ಅಲ್ಲ. ಟೀ ಮಾತ್ರ ಸಪ್ಪೆ ಅನ್ನಿಸುತ್ತದೆ, ಎರಡು ನಿಮಿಷ ಹೆಚ್ಚು ಕುದಿಸಿ, ಶುಂಠಿ ಜಾಸ್ತಿ ಹಾಕಿ.

ಕರಿಬೇವಿನ ಬಗ್ಗೆ ಒಂದು ಮಾತು. ಹಿತ್ತಲ ಗಿಡದ ಹಸಿ ಎಲೆ ಕಿತ್ತುಕೊಂಡು ಟೆಕ್ಸಾಸ್ ಗಡಿ ದಾಟಬೇಡಿ. ನಿಂಬೆ, ಕಿತ್ತಳೆ ಗಿಡಗಳನ್ನು ಹಾಳುಮಾಡುವ ಒಂದು ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕಾಗಿ ಇಲ್ಲಿ ಗಿಡ, ಎಲೆ ಸಾಗಿಸುವುದಕ್ಕೆ ನಿರ್ಬಂಧಗಳಿವೆ. ಮನೆಯಲ್ಲೇ ತುಪ್ಪದಲ್ಲಿ ಸಾಸಿವೆ, ಒಣಮೆಣಸು, ಹಿಂಗು, ಕರಿಬೇವು ಗರಿಗರಿಯಾಗಿ ಹುರಿದು ಒಂದು ಅಗಲ ಬಾಯಿಯ ಬಾಟಲಿಗೆ ತುಂಬಿ. ಕರಿಬೇವಿನ ಸಮಸ್ಯೆಯೂ ತೀರಿತು, ಅರ್ಧ ಒಗ್ಗರಣೆಯ ಕೆಲಸವೂ ಮುಗಿಯಿತು. ಬಾಯಿ ಅಗಲ ಇರಲಿ ಅಂದಿದ್ದು ಸುಮ್ನೆ ಅಲ್ಲ. ತುಪ್ಪ ಅಲ್ಲಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಸಣ್ಣ ಬಾಯಿಯ ಬಾಟಲಿ ಒಯ್ದರೆ ಕಡ್ಡಿ ಹಾಕಿ ಕೆದಕುತ್ತಾ ಕೂರಬೇಕು.

ಫ್ರಿಜ್ ಅನ್ನು ಹೊರಡುವ ಹಿಂದಿನ ರಾತ್ರಿಯೇ ಚಾಲೂ ಮಾಡಿಸಿ, ಆರ್‌ವಿ ಫ್ರಿಜ್‌ಗಳು ತಣ್ಣಗಾಗಲು ತುಂಬ ಹೊತ್ತು ತೆಗೆದುಕೊಳ್ಳುತ್ತವೆ. ಗ್ಯಾಸ್‌ನಲ್ಲಿ ಓಡುವ ಹಳೆಯ ಬಗೆಯದಾದರೆ ಗಾಡಿ ಮಟ್ಟವಾಗಿ ನಿಂತಿರಬೇಕು. 5,500 ಅಡಿ ದಾಟಿದ ಮೇಲೆ ಅದರ ಉರಿ ಕೆಲವೊಮ್ಮೆ ಆರಿಹೋಗುವುದುಂಟು, ಆಗಾಗ ನೋಡುತ್ತಿರಿ. ಕರೆಂಟ್ ಸಿಕ್ಕ ಕಡೆ ಕರೆಂಟ್‌ಗೇ ಹಾಕಿ. ಮನೆಯಲ್ಲಿ ಕುದಿಸಿ ಫ್ರೀಜ್ ಮಾಡಿದ ಹುಳಿ ಅಥವಾ ಕೂಟಿನ ಚಪ್ಪಟೆ ಚೀಲ ಒಂದೆರಡು ಇಟ್ಟರೆ ಮೊದಲ ಎರಡು ದಿನದ ಊಟವೂ ಆಯಿತು, ಫ್ರಿಜ್‌ಗೆ ಐಸೂ ಆಯಿತು.

ಪಾತ್ರೆ ತೊಳೆಯುವ ಮೊದಲು ಪೇಪರ್ ಟವಲ್‌ನಿಂದ ಜಿಡ್ಡನ್ನೂ ಬೇಳೆಯನ್ನೂ ಒರೆಸಿ ಕಸಕ್ಕೆ ಹಾಕಿ. ತೊಳೆದ ನೀರು ಸೇರುವ ಟ್ಯಾಂಕ್ ಚಿಕ್ಕದು, ಬೇಳೆ ಸೇರಿದರೆ ಮಾರನೇ ದಿನಕ್ಕೇ ಹುಳಿ ವಾಸನೆ. ಬಿಳಿ ಕಟ್ಟೆ, ಬಿಳಿ ಸಿಂಕ್ ಇದ್ದರೆ ಅರಿಶಿನದ ಚಮಚವನ್ನು ಅದರ ಮೇಲೆ ಇಡಲೇಬೇಡಿ. ರಾತ್ರಿ ಹೊರಗಿನ ನೀರಿನ ಪೈಪ್ ಹೆಪ್ಪುಗಟ್ಟಬಹುದು, ಮಲಗುವ ಮುಂಚೆ ಅಡುಗೆಗೆ ಬೇಕಾದ ನೀರನ್ನು ಒಳಗೆ ಹಿಡಿದಿಟ್ಟುಕೊಂಡು ಪೈಪ್ ಬಿಚ್ಚಿಡಿ.

ಕರಡಿಯ ವಿಷಯ ತಮಾಷೆಯಲ್ಲ. ಚಳಿಗಾಲದ ನಿದ್ದೆಗೆ ಮುಂಚೆ ಕೊಲರಾಡೊದ ಕಪ್ಪು ಕರಡಿಗಳು ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುತ್ತವೆ, ದಿನದ ಬಹುಪಾಲು ಹೊತ್ತು ಆಹಾರ ಹುಡುಕುವುದೇ ಕೆಲಸ. ನೀವು ಹೋಗುವುದು ಸರಿಯಾಗಿ ಅದೇ ಹೊತ್ತಿಗೆ. ಹೊರಗೆ ಒಗ್ಗರಣೆ ಹಾಕಿದ ಬಾಣಲೆ, ಎಣ್ಣೆ ಬಾಟಲಿ, ಕಸದ ಚೀಲ ಯಾವುದನ್ನೂ ಟೇಬಲ್ ಮೇಲೆ ಬಿಟ್ಟು ಒಳಗೆ ಊಟಕ್ಕೆ ಕೂರಬೇಡಿ. ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲಬೇಡಿ. ಸೌದೆ ಬೆಂಕಿಗೆ ನಿಷೇಧ ಇರುವ ದಿನಗಳಲ್ಲೂ ತಿರುಗಿಸಿ ಆರಿಸುವ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅನುಮತಿ ಇರುತ್ತದೆ, ಬೋರ್ಡ್ ಓದಿ ಹಚ್ಚಿ.

ಮಧ್ಯಾಹ್ನದ ಊಟಕ್ಕೆ ಒಲೆಯೇ ಬೇಡ. ಬೆಳಿಗ್ಗೆ ಸಾರು ಕುದಿಸುವಾಗಲೇ ಅಗಲ ಬಾಯಿಯ ಥರ್ಮಾಸ್‌ಗೆ ಬಿಸಿ ನೀರು ಹಾಕಿಟ್ಟು ಬೆಚ್ಚಗೆ ಮಾಡಿ, ಆ ನೀರು ಚೆಲ್ಲಿ, ಕುದಿಯುವ ಸಾರು ತುಂಬಿ. ಬ್ಯೂನ ವಿಸ್ಟದ ಹತ್ತಿರದ ಘಾಟಿ ಕಾಟನ್‌ವುಡ್ ಪಾಸ್ ಮೇಲೆ 12,000 ಅಡಿಯಲ್ಲಿ ಗಾಳಿಗೆ ಕೈ ಮರಗಟ್ಟುವಾಗ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡರೆ ಸಾಕು. ಸಂಜೆ ಏಳರ ಹೊತ್ತಿಗೆ ಕತ್ತಲಾಗುತ್ತದೆ, ಚಳಿ ತಟ್ಟನೆ ಏರುತ್ತದೆ. ಐದಕ್ಕೆಲ್ಲ ಗಾಡಿ ನಿಲ್ಲಿಸಿ, ಬೆಳಕಿರುವಾಗಲೇ ಹೊರಗಿನ ಕೆಲಸ ಮುಗಿಸಿ.

ಎತ್ತರಕ್ಕೆ ಹೋದ ಮೊದಲ ದಿನ ಹಸಿವು ಕಡಿಮೆಯಾಗುವುದು, ತಲೆ ಭಾರ ಆಗುವುದು ಸಾಮಾನ್ಯ. ಅದಕ್ಕೇ ಪ್ವೆಬ್ಲೊದಲ್ಲಿ ಒಂದು ರಾತ್ರಿ, ಬ್ಯೂನ ವಿಸ್ಟದಲ್ಲಿ ಎರಡು ರಾತ್ರಿ ಕಳೆದು ಆಮೇಲೆ ಲೆಡ್‌ವಿಲ್‌ಗೆ ಹೋಗಿ. ಅತ್ತೆಯವರಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಮೇಲೆ ಹತ್ತಿದ ರಾತ್ರಿ ಜಿಡ್ಡಿನ ಊಟ ಬೇಡ, ತೆಳ್ಳಗಿನ ಗಂಜಿ ಅಥವಾ ಮೆಣಸಿನ ಸಾರು ಅನ್ನ ಸಾಕು. ಎಲ್ಲರೂ ಬಿಸಿ ನೀರು ಆಗಾಗ ಕುಡಿಯುತ್ತಿರಿ, ಅಲ್ಲಿಯ ಒಣ ಗಾಳಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ.

ಶನಿವಾರದ ಫಲಾಹಾರ ಎಲ್ಲಕ್ಕಿಂತ ಸುಲಭ. ಗೊಜ್ಜವಲಕ್ಕಿ ಮಾಡಿ. ದಪ್ಪ ಅವಲಕ್ಕಿಯನ್ನು ಮನೆಯಲ್ಲೇ ತರಿತರಿಯಾಗಿ ಪುಡಿ ಮಾಡಿಟ್ಟಿರಿ. ಹುಣಸೆ ಬಾಟಲಿ ಇದೆ, ಸಾರಿನ ಪುಡಿ ಇದೆ, ಕೊಬ್ಬರಿ ಇದೆ, ಒಗ್ಗರಣೆ ಬಾಟಲಿ ಇದೆ. ಬಿಸಿ ನೀರಿನಲ್ಲಿ ಹುಣಸೆ, ಬೆಲ್ಲ, ಉಪ್ಪು, ಪುಡಿ ಕದಡಿ ಅವಲಕ್ಕಿಯ ಮೇಲೆ ಸುರಿದು ಹತ್ತು ನಿಮಿಷ ಮುಚ್ಚಿಡಿ. ಅರಳಿದ ಮೇಲೆ ಒಗ್ಗರಣೆಯನ್ನು ಬೆಚ್ಚಗೆ ಮಾಡಿ ಕಲಸಿ. ಅವಲಕ್ಕಿಯೂ ಆಗದು ಅನ್ನುವ ಮನೆತನ ನಿಮ್ಮದಾದರೆ ಆ ದಿನ ಉಪ್ಪಿಟ್ಟು. ಅತ್ತೆಯವರನ್ನೇ ಒಂದು ಮಾತು ಕೇಳಿ ಪ್ಯಾಕ್ ಮಾಡಿ.